ಗೌಸಬಿಯ ಅರವತ್ತಮೂರು ನಕ್ಷತ್ರಗಳು

ಸವಣೂರಿನ ಗೌಸಬಿಗೆ ಎರಡು ಕೆಲಸ. ಬೆಳಗಿನ ಐದಕ್ಕೆ ಮನೆಯ ಪಡಸಾಲೆಯಲ್ಲಿ ಕುಳಿತು ವೀಳ್ಯದೆಲೆ ಆರಿಸುವುದು, ಹತ್ತಕ್ಕೆ ಶಿಗ್ಗಾಂವಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿನ ಕೀಲಿ ತೆಗೆಯುವುದು. ಮೊದಲನೆಯದು ತಾಯಿಯ ಕೈಯಿಂದ ಬಂದದ್ದು. ಎರಡನೆಯದು ಹನ್ನೊಂದು ವರ್ಷಗಳಿಂದ ತಾತ್ಕಾಲಿಕ. ಒಂದು ಕೆಲಸ ಹನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಇರುವುದು ಹೇಗೆ ಎಂದು ನನ್ನನ್ನು ಕೇಳಬೇಡಿ, ಅದು ಆಡಳಿತ ಮಂಡಳಿಯವರಿಗೆ ಮಾತ್ರ ಬರುವ ವಿದ್ಯೆ.

ಗೌಸಬಿ ಆಳು ಕುಳ್ಳಗೆ, ದನಿ ದೊಡ್ಡದು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಪಿಯುಸಿ ವಿಜ್ಞಾನದಲ್ಲಿ ಮೊದಲ ದರ್ಜೆ ತಂದಾಗ ಅಪ್ಪ, ಎಲೆ ಆರಿಸುವ ಕೈಗೆ ಇಷ್ಟು ಸಾಕು ಅಂದಿದ್ದರು. ಅವಳು ಅತ್ತಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದಳು. ಈಗ ಅವಳಿಗೆ ನಲವತ್ತಾರು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಎಲೆ ಆರಿಸುವುದನ್ನು ಹಗುರವಾಗಿ ತಿಳಿಯಬೇಡಿ. ತೋಟದಿಂದ ಬಂದ ಎಲೆ ಬಾಡದಿರಲಿ ಎಂದು ನೀರು ಚಿಮುಕಿಸಿರುತ್ತಾರೆ. ಒಂದೊಂದು ಎಲೆಯ ಮೇಲೂ ಹನಿ. ರೋಗ ಹತ್ತಿದ ಎಲೆಯ ಚುಕ್ಕೆಗೂ ಆ ಹನಿಗೂ ನಸುಕಿನ ಬೆಳಕಿನಲ್ಲಿ ಏನೂ ಫರಕು ಕಾಣುವುದಿಲ್ಲ. ಆಗ ಎಲೆಯನ್ನು ಸ್ವಲ್ಪ ಓರೆ ಮಾಡಬೇಕು. ಸರಿದು ಹೋದರೆ ಅದು ನೀರು, ಬಿಟ್ಟುಬಿಡು. ನಿಂತೇ ಇದ್ದರೆ ಅದು ಎಲೆಯದೇ ಚುಕ್ಕೆ, ಎಲೆ ತೆಗೆದುಹಾಕು. ಹದಿನೈದನೆಯ ವಯಸ್ಸಿಗೆ ತಾಯಿ ಕಲಿಸಿದ ಈ ನೇಮ ಗೌಸಬಿಯ ಬೆರಳಿಗೆ ಇಳಿದು ಕೂತಿದೆ. ಗಂಟೆಗೆ ಸಾವಿರ ಎಲೆ ಓರೆ ಮಾಡಿ ನೋಡುತ್ತಾಳೆ, ಮಾತಾಡುತ್ತ, ಬೈಯುತ್ತ, ಚಹಾ ಕುಡಿಯುತ್ತ. ಅವಳು ಕಟ್ಟಿದ ಪೆಂಡಿಯನ್ನು ಹುಬ್ಬಳ್ಳಿಯ ವ್ಯಾಪಾರಿ ಬಿಚ್ಚಿ ನೋಡುವುದಿಲ್ಲ.

ಮೂರು ವರ್ಷದ ಹಿಂದೆ ಆ ಕಾಲೇಜಿಗೆ ತಿಳವಳ್ಳಿಯ ತನುಜಾ ಎಂಬ ಹೊಸ ಉಪನ್ಯಾಸಕಿ ಬಂದರು. ಬರುವಾಗ ಒಂದು ದೊಡ್ಡ ಸಂಶೋಧನಾ ಸಂಸ್ಥೆಯ ಕೆಲಸವೊಂದನ್ನು ಜೊತೆಗೆ ತಂದಿದ್ದರು. ದೂರದರ್ಶಕದಲ್ಲಿ ಹಿಡಿದ ಎಳೆಯ ನಕ್ಷತ್ರಗಳ ಬೆಳಕನ್ನು ಗ್ರಾಫ್ ಮಾಡಿ ಇಟ್ಟಿದ್ದಾರೆ, ಸಾವಿರಗಟ್ಟಲೆ. ಯಂತ್ರದಿಂದ ತಪ್ಪಿಸಿಕೊಂಡದ್ದನ್ನು ಮನುಷ್ಯರ ಕಣ್ಣು ಹಿಡಿಯುತ್ತದೆ, ಅದಕ್ಕೆ ವಿದ್ಯಾರ್ಥಿಗಳು ಬೇಕು. ಹಾನಗಲ್ಲಿನವರು, ಹಿರೇಕೆರೂರಿನವರು, ಹಿರೇಬೆಂಡಿಗೇರಿಯವರು ಎಂದು ಹದಿನಾಲ್ಕು ಜನ ಹೆಸರು ಕೊಟ್ಟರು. ತನುಜಾ ಈ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಗೌಸಬಿ ಹಿಂದೆ ನಿಂತು ಮಸೂರಗಳನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ನಕ್ಷತ್ರ ಹುಟ್ಟಿದ ಹೊಸತರಾಗ ಅದರ ಸುತ್ತ ಧೂಳು, ಅನಿಲ ಎಲ್ಲಾ ಸೇರಿ ಒಂದು ತಟ್ಟಿ ಹಂಗ ತಿರಗತಿರತೈತಿ," ಎಂದರು ತನುಜಾ. "ಮುಂದ ಗ್ರಹ ಆಗೂದು ಅದರಾಗ. ನಮ್ಮ ಭೂಮಿನೂ ಹಂಗ ಆಗಿದ್ದು. ನಕ್ಷತ್ರಕ್ಕ ಹತ್ತಿರ ಇರೋ ಅನಿಲ ಬಿಸಿ ಇರತೈತಿ, ಅದರಾಗ ನೀರಿನ ಹಬಿನೂ ಇರತೈತಿ. ಆ ಬಿಸಿ ಅನಿಲ ಬಿಡೋ ಬೆಳಕು ನಮ್ಮ ಕಣ್ಣಿಗೆ ಕಾಣಂಗಿಲ್ಲ, ದೂರದರ್ಶಕಕ್ಕ ಕಾಣತೈತಿ. ಗ್ರಾಫಿನಾಗ ಅದು ಉಬ್ಬಿನಂಗ ಬರತೈತಿ."

ಹಿಂದಿನಿಂದ ದನಿ ಬಂತು. "ಮೇಡಂ, ನಿಂತ್ಕೊಳ್ಳಾಕ ನೆಲಾನ ಇಲ್ಲ, ನೀರು ಮೊದಲ ಬಂದೈತೇನ್ರಿ ಅಲ್ಲಿ?"

ಹುಡುಗರು ನಕ್ಕರು. ತನುಜಾ ನಗಲಿಲ್ಲ. "ಹೌದ್ರಿ ಗೌಸಕ್ಕ. ಹಬಿ ಮೊದಲ ಬಂದೈತಿ."

"ಹಂಗಾರ ನನಗೂ ತೋರಸ್ರಿ."

ತೋರಿಸಿದರು. ಪರದೆಯ ಮೇಲೆ ಒಂದು ನಡುಗುವ ಗೆರೆ, ಅದರಲ್ಲಿ ಒಂದು ಸಣ್ಣ ಉಬ್ಬು. ಉಬ್ಬಿನ ನೆತ್ತಿ ಸೀಳಿ ಎರಡಾಗಿತ್ತು. ತಟ್ಟೆಯ ಒಂದು ಬದಿಯ ಅನಿಲ ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ಬದಿಯದು ದೂರ ಹೋಗುತ್ತಿರುತ್ತದೆ, ಅದಕ್ಕೇ ಹೀಗೆ ಎರಡು ಎಂದರು ತನುಜಾ. ಗೌಸಬಿ ಅದಕ್ಕೆ ಜೋಡಿ ಕೊಂಬು ಎಂದು ಹೆಸರಿಟ್ಟಳು. ಇನ್ನೂ ಹುಟ್ಟದ ಯಾವುದೋ ಭೂಮಿಯ ನೀರನ್ನು ಶಿಗ್ಗಾಂವಿಯಲ್ಲಿ ಕುಳಿತು ನೋಡುತ್ತಿದ್ದೇನೆ ಎಂಬ ಖುಷಿ ಅವಳಿಗೆ ಎದೆ ತುಂಬ ಬಂತು. ಆ ದಿನ ಬಸ್ಸಿನಲ್ಲಿ ಪಕ್ಕದವಳಿಗೆ ಇದನ್ನೆಲ್ಲ ಬಂಕಾಪುರ ಬರುವವರೆಗೆ ಹೇಳಿದಳು. ಪಕ್ಕದವಳು ಬಂಕಾಪುರದಲ್ಲಿ ಇಳಿದುಹೋದಳು, ಅವಳ ಊರು ಸವಣೂರೇ ಆಗಿದ್ದರೂ.

ಹದಿನಾಲ್ಕು ಜನ ಪ್ರಮಾಣಪತ್ರ ಕೈಗೆ ಬಂದ ಮೇಲೆ ಆರಾದರು, ಪರೀಕ್ಷೆ ಹತ್ತಿರ ಬಂದಾಗ ಇಬ್ಬರಾದರು. ಕೊನೆಗೆ ಉಳಿದವಳು ಎಣಿಕೆಗೇ ಸೇರದ ಗೌಸಬಿ. ಲ್ಯಾಬಿನಲ್ಲಿ ತರಗತಿ ಇಲ್ಲದ ಹೊತ್ತು, ಊಟದ ಬಿಡುವು, ಸಂಜೆ ಬಸ್ಸಿಗೆ ಮೊದಲಿನ ಅರ್ಧ ತಾಸು, ಎಲ್ಲ ಅದಕ್ಕೇ. ಆದರೆ ಗುರುತು ಹಾಕಿ ಕಳಿಸಬೇಕೆಂದರೆ ಕಂಪ್ಯೂಟರು ವಿದ್ಯಾರ್ಥಿಯ ನಂಬರು ಕೇಳುತ್ತಿತ್ತು. ಹಾನಗಲ್ಲಿನ ಸುನೀಲ ತನ್ನದನ್ನು ಕೊಟ್ಟ. "ನನ್ನ ನಂಬರ್ ಹಾಕ್ರಿ ಅಕ್ಕಾ, ನಾ ಅಂತೂ ಮಾಡಂಗಿಲ್ಲ" ಎಂದ. ಹುಡುಗ ಕೆಟ್ಟವನಲ್ಲ, ಸೋಮಾರಿ.

ಎರಡು ವರ್ಷ ಕಳೆದ ಮೇಲೆ ಸಂಸ್ಥೆಯ ಹಿರಿಯ ಸಂಶೋಧಕಿ ಡಾ. ಮಲ್ಲಿಕಾ ಅವರಿಂದ ಪತ್ರ ಬಂತು. ನಿಮ್ಮ ಕಾಲೇಜಿನ ಸುನೀಲ ಎಂಬ ವಿದ್ಯಾರ್ಥಿಯ ಗುರುತುಗಳು ಎಲ್ಲರಿಗಿಂತ ಅಚ್ಚುಕಟ್ಟಾಗಿವೆ, ಅವನಿಗೆ ನಮ್ಮ ಅಭಿನಂದನೆ ತಿಳಿಸಿ ಎಂದು. ಪ್ರಿನ್ಸಿಪಾಲ ಮಹಾಲಿಂಗಪ್ಪನವರು ಅದನ್ನು ಜನವರಿ ಇಪ್ಪತ್ತಾರರಂದು ಮೈಕಿನಲ್ಲಿ ಓದಿದರು. ಸುನೀಲನಿಗೆ ಶಾಲು ಹೊದಿಸಿದರು. ಆ ಶಾಲು, ಹಾರ ಇಟ್ಟ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ಗೌಸಬಿ. ಸುನೀಲನ ಮುಖ ಕೆಂಪಾಗಿತ್ತು, ಆದರೂ ಬಾಗಿ ಹಾರ ಹಾಕಿಸಿಕೊಂಡ. ಎಲ್ಲರೂ ಚಪ್ಪಾಳೆ ಹೊಡೆದರು. ಗೌಸಬಿ ಹೊಡೆಯಲಿಲ್ಲ, ಎರಡೂ ಕೈಯಲ್ಲಿ ತಟ್ಟೆ ಇತ್ತು.

ತನುಜಾ ಅವರಿಗೆ ನಂಬರಿನ ಸಂಗತಿ ಗೊತ್ತಾದದ್ದು ಆ ದಿನವೇ. ಈಗಲೇ ಹೋಗಿ ಹೇಳುತ್ತೇನೆ ಎಂದು ಹೊರಟರು. ಗೌಸಬಿ ತಡೆದಳು. "ಬ್ಯಾಡ್ರಿ ಮೇಡಂ. ನಂದು ಖಾಯಂ ಕೆಲಸ ಅಲ್ಲ. ಇದ್ದದ್ದೂ ಹೋದೀತು." ಆ ಮಾತು ಆಡಿದ ತನ್ನ ನಾಲಿಗೆಯ ಮೇಲೆ ಅವಳಿಗೆ ಇವತ್ತಿಗೂ ಸಿಟ್ಟಿದೆ.

ಮುಂದಿನ ವಾರ ತನುಜಾ ಹೆರಿಗೆ ರಜೆಯ ಮೇಲೆ ತಿಳವಳ್ಳಿಗೆ ಹೋದರು. ಅದೇ ತಿಂಗಳು ಹೊಸ ಬಗೆಯ ಗ್ರಾಫುಗಳು ಬಂದವು. ಇವು ಜೋಡಿ ಗ್ರಾಫುಗಳು. ಒಂದೇ ನಕ್ಷತ್ರವನ್ನು ಆರು ತಿಂಗಳ ಅಂತರದಲ್ಲಿ ಎರಡು ಸಲ ನೋಡಿದ್ದು. ಒಟ್ಟು ಅರವತ್ತಮೂರು ನಕ್ಷತ್ರ. ಜೊತೆಗೆ ಎಂಟು ಪುಟದ ಸೂಚನೆ, ಇಂಗ್ಲಿಷಿನಲ್ಲಿ. ಗೌಸಬಿಯ ಇಂಗ್ಲಿಷು ಬಾಟಲಿಯ ಚೀಟಿ ಓದುವುದಕ್ಕೆ ಸಾಕು, ಎಂಟು ಪುಟಕ್ಕೆ ಸಾಲದು. ಸುನೀಲನಿಗೆ ಫೋನ್ ಹಚ್ಚಿದಳು. ಅವನು ಮೋಟರ್ ಸೈಕಲ್ ನಿಲ್ಲಿಸಿಕೊಂಡು ಒಂದೇ ಉಸಿರಿಗೆ ಹೇಳಿದ.

"ಅಕ್ಕಾ, ದೂರದರ್ಶಕ ನಮ್ಮ ಗಾಳಿ ತೂರಿ ನೋಡತೈತಲ್ಲ, ನಮ್ಮ ಗಾಳ್ಯಾಗೂ ನೀರಿನ ಹಬಿ ಐತಿ. ಅದರ ಗುರುತೂ ಗ್ರಾಫಿನಾಗ ಬೀಳತೈತಿ. ಎರಡೂ ಗ್ರಾಫ್ ಕೂಡಿಸಿ ನೋಡಿದ್ರ ಕೆಲವು ಗುರುತು ಸರೀತಾವು, ಕೆಲವು ನಿಂದರತಾವು. ಗಾಳಿ ನೀರಿಂದು ತಗೀರಿ, ನಕ್ಷತ್ರದ್ದು ಇಡ್ರಿ. ಅಷ್ಟ."

ಸರಿಯುವುದು ಯಾವುದು, ನಿಲ್ಲುವುದು ಯಾವುದು ಎಂದು ಅವನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಕೇಳುವುದೇನಿದೆ? ಸರಿಯುವುದು ನೀರು, ನಿಲ್ಲುವುದು ಎಲೆಯದು. ಮೂವತ್ತೊಂದು ವರ್ಷದಿಂದ ಬೆರಳಿಗೆ ಗೊತ್ತಿದ್ದ ಸಂಗತಿಯನ್ನು ಹಾನಗಲ್ಲಿನ ಹುಡುಗನ ಹತ್ತಿರ ಕೇಳಿ ತಿಳಿಯಬೇಕೆ?

ಐದು ತಿಂಗಳು ಕೂತು ಅರವತ್ತಮೂರನ್ನೂ ಮುಗಿಸಿದಳು. ಒಂದೊಂದು ಜೋಡಿಯನ್ನೂ ಮೇಲೆ ಕೆಳಗೆ ಇಟ್ಟು, ಗುರುತಿನ ಕೆಳಗೆ ಗುರುತು ಹುಡುಕಿ, ಸರಿದದ್ದಕ್ಕೆಲ್ಲ 'ಗಾಳಿ' ಎಂದು ಹಾಕಿ, ನಿಂತದ್ದಕ್ಕೆಲ್ಲ 'ನಕ್ಷತ್ರ' ಎಂದು ಹಾಕಿ ಕಳಿಸಿದಳು. ಜೋಡಿ ಕೊಂಬುಗಳೆಲ್ಲ ಸರಿಯುತ್ತಿದ್ದವು. ಇಷ್ಟು ಚೆಂದದ ಕೊಂಬು ಬರೀ ನಮ್ಮ ಗಾಳಿಯ ನೀರಿನದಾಯಿತಲ್ಲ ಎಂದು ಮರುಗಿದಳು. ಮರುಗಿಯೂ ತೆಗೆದುಹಾಕಿದಳು. ಎಲೆ ಎಷ್ಟೇ ಹಸಿರಿದ್ದರೂ ಚುಕ್ಕೆ ಕಂಡರೆ ತೆಗೆಯುವ ಕೈ ಅದು.

ಜೂನ್ ಕೊನೆಯ ವಾರ ಅವಳು ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕಿಟಕಿಯ ಗಾಜಿಗೆ ಯಾರೋ ಪುಣ್ಯಾತ್ಮ ಎಲೆ ಅಡಿಕೆ ಉಗುಳಿದ್ದ, ಕೆಂಪು ಕಲೆ ಒಣಗಿ ಕೂತಿತ್ತು. ತಾನೇ ಕಟ್ಟಿದ ಪೆಂಡಿಯ ಎಲೆಯಿರಬಹುದು ಎಂದುಕೊಂಡು ಅದನ್ನೇ ನೋಡುತ್ತ ಕುಳಿತಳು. ಬಂಕಾಪುರ ದಾಟಿತು. ಹೊರಗೆ ಗೋವಿನಜೋಳದ ಹೊಲ ಸರಿಯಿತು, ಬದುವಿನ ಮೇಲೆ ನಿಂತ ನವಿಲು ಸರಿಯಿತು, ಒಂದು ಟ್ರ್ಯಾಕ್ಟರ್ ಸರಿಯಿತು. ಕಲೆ ಮಾತ್ರ ಇದ್ದಲ್ಲೇ ಇತ್ತು.

ಸರಿಯುವುದು ಹೊರಗಿನದು. ನಿಂತದ್ದು ತನ್ನ ಕಿಟಕಿಯದು.

ಗೌಸಬಿ ಸೀಟಿನಲ್ಲಿ ನೆಟ್ಟಗೆ ಕುಳಿತಳು. ಭೂಮಿಯೂ ಬಸ್ಸೇ ಅಲ್ಲವೆ? ಸೂರ್ಯನ ಸುತ್ತ ಹೋಗುವಾಗ ಆರು ತಿಂಗಳು ಆ ನಕ್ಷತ್ರದ ಕಡೆ ಓಡುತ್ತದೆ, ಆರು ತಿಂಗಳು ಅದರಿಂದ ದೂರ ಓಡುತ್ತದೆ, ಅದಕ್ಕೆ ತಕ್ಕಂತೆ ನಕ್ಷತ್ರದ ಗುರುತು ಗ್ರಾಫಿನಲ್ಲಿ ಆಚೆ ಈಚೆ ಸರಿಯುತ್ತದೆ ಎಂದು ತನುಜಾ ಮೇಡಂ ಒಮ್ಮೆ ಹೇಳಿದ್ದರು. ನಮ್ಮ ಗಾಳಿಯೋ, ನಮ್ಮ ಜೊತೆಗೇ ಬರುವ ಕಿಟಕಿ. ಅದು ಯಾಕೆ ಸರಿದೀತು? ನಿಂತದ್ದೆಲ್ಲ ನಮ್ಮ ನೀರು. ಸರಿದದ್ದೆಲ್ಲ ನಕ್ಷತ್ರದ ಹಬೆ. ಎಲೆಯ ನೇಮಕ್ಕೆ ಇಲ್ಲಿ ಪೂರಾ ಉಲ್ಟಾ.

"ಯಾ ಅಲ್ಲಾ, ಅರವತ್ತಮೂರೂ ಹಾಳಾದವು!" ಎಂದು ಕೂಗಿದಳು. ಕಂಡಕ್ಟರ್ ಓಡಿ ಬಂದ, ಏನು ಕಳೆದುಕೊಂಡ್ರಿ ಎಂದು ಕೇಳಿದ. ಅವನಿಗೆ ಏನೆಂದು ಹೇಳುವುದು?

ಲ್ಯಾಬಿನ ಕೀಲಿ ತೆಗೆದವಳೇ ಮೊದಲ ಜೋಡಿಯನ್ನು ತೆರೆದಳು. ನೋಡಿದಳು. ಹೌದು, ಜೋಡಿ ಕೊಂಬು ಎರಡನೆಯ ಗ್ರಾಫಿನಲ್ಲಿ ಬಲಕ್ಕೆ ಸರಿದಿತ್ತು, ಅದರ ಮೇಲೆ ಅವಳ ಕೈಯ 'ಗಾಳಿ' ಎಂಬ ಗುರುತು. ಹುಟ್ಟಲಿರುವ ಭೂಮಿಗಳ ಬಿಸಿ ಹಬೆಯನ್ನೆಲ್ಲ ತಾನೇ ಕೈಯಾರೆ ತಿಪ್ಪೆಗೆ ಹಾಕಿದ್ದಳು. ಜೋಡಿ ಕೊಂಬು ಇಲ್ಲ ಎಂದು ಗುರುತಾದ ನಕ್ಷತ್ರ ಸಂಸ್ಥೆಯ ಪಟ್ಟಿಯಿಂದ ಹೊರಬೀಳುತ್ತದೆ. ಹೊರಬಿದ್ದದ್ದನ್ನು ಮತ್ತೆ ನೋಡಲು ಯಾರಿಗೂ ಪುರುಸೊತ್ತಿಲ್ಲ. ಸ್ಟೂಲಿನ ಮೇಲೆ ಕುಳಿತು ಅವಳು ಸ್ವಲ್ಪ ಹೊತ್ತು ತನ್ನನ್ನೇ ಬೈದುಕೊಂಡಳು, ಎರಡೂ ಭಾಷೆಯಲ್ಲಿ.

ಗಂಡ ಶೇಖಸಾಬ ಎಲೆಯ ಪೆಂಡಿಗಳನ್ನು ಬಸ್ಸಿಗೆ ಹಾಕುವ ಮನುಷ್ಯ. ಜಗಳವೆಂದರೆ ದೂರ ಹೋಗುವವನು. ಊಟಕ್ಕೆ ಕುಳಿತಾಗ ಎಲ್ಲ ಕೇಳಿಸಿಕೊಂಡು ಹೇಳಿದ, "ಅದರ ಮ್ಯಾಲೆ ನಿನ್ನ ಹೆಸರೇ ಇಲ್ಲ. ಹೆಸರ ಇಲ್ಲದ ಮ್ಯಾಲೆ ತಪ್ಪು ನಿನ್ನದು ಹೆಂಗ ಆಕ್ಕೈತಿ? ಸುಮ್ಮನಿರು."

"ಕೊಳತ ಎಲಿ ನಡುವ ಇಟ್ಟು ಪೆಂಡಿ ಕಟ್ಟಿ ಕಳಿಸಿದರ ನೀವು ಸುಮ್ಮನಿರ್ತೀರೇನು?"

ಶೇಖಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅದು ಬ್ಯಾರೆ."

"ಏನೂ ಬ್ಯಾರೆ ಇಲ್ಲ."

ಮರುದಿನ ಅವಳು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. ಮಹಾಲಿಂಗಪ್ಪನವರು ಹಿರೇಕೆರೂರಿನವರು, ಮನುಷ್ಯ ಕೆಟ್ಟವರಲ್ಲ, ಆದರೆ ಕಾಗದ ಕಂಡರೆ ಹೆದರುತ್ತಾರೆ. ಶಾಲು ಹೊದಿಸಿದ ಫೋಟೊ ಪತ್ರಿಕೆಯಲ್ಲಿ ಬಂದಿತ್ತು, ತಪಾಸಣೆಯವರಿಗೆ ತೋರಿಸುವ ಕಡತದಲ್ಲೂ ಇತ್ತು.

"ನೀ ಯಾಕ ಕಂಪ್ಯೂಟರ್ ಮುಟ್ಟಿದಿ? ನಿನ್ನ ಕೆಲಸ ಏನು, ನೀ ಮಾಡಿದ್ದೇನು?"

"ನನ್ನ ಕೆಲಸ ಮುಗಿಸೇ ಮುಟ್ಟೇನಿರಿ ಸಾಹೇಬ್ರ. ಒಂದು ದಿನ ಕಸ ಉಳದೈತೇನು ಹೇಳ್ರಿ?"

ಅವರು ಗುಮಾಸ್ತನನ್ನು ಕರೆದು ಒಂದು ಪತ್ರ ಬರೆಸಿದರು. ತಾತ್ಕಾಲಿಕ ಸಿಬ್ಬಂದಿಯೊಬ್ಬಳು ಅನುಮತಿಯಿಲ್ಲದೆ ಕೈ ಹಾಕಿದ್ದರಿಂದ ನಮ್ಮ ವಿದ್ಯಾರ್ಥಿಯ ಹೆಸರಿನಲ್ಲಿ ತಪ್ಪು ಮಾಹಿತಿ ಬಂದಿದೆ, ಆಕೆ ಮುಟ್ಟಿದ ಎಲ್ಲ ಗುರುತುಗಳನ್ನೂ ರದ್ದು ಮಾಡಬೇಕು ಎಂದು ಅದರ ಸಾರ. ಕೆಳಗೆ ಸಹಿಗೆ ಜಾಗ ಬಿಟ್ಟು ಅವಳ ಮುಂದೆ ಸರಿಸಿದರು.

ಗೌಸಬಿ ಪತ್ರವನ್ನು ನಿಧಾನವಾಗಿ ಓದಿದಳು. ಓದುತ್ತ ಓದುತ್ತ ಅವಳ ಕಿವಿ ಬಿಸಿಯಾಯಿತು.

"ಎಲ್ಲಾ ರದ್ದು ಅಂದ್ರ? ಮೊದಲಿನ ಎರಡು ವರ್ಷದವು ಸರಿ ಅದಾವಲ್ಲರಿ. ಅವಕ್ಕ ಶಾಲು ಹಾಕೀರಿ."

"ಶಾಲು ಸುನೀಲಗ ಹಾಕೇವಿ."

"ಅದನ್ನ ನಾ ಹೇಳಾಕತ್ತೇನಿ. ಸರಿ ಇದ್ದಾಗ ಸುನೀಲನ ಹೆಸರು. ತಪ್ಪಿದಾಗ ತಾತ್ಕಾಲಿಕ ಸಿಬ್ಬಂದಿ. ಅದಕ್ಕೂ ಹೆಸರಿಲ್ಲ ನೋಡ್ರಿ, ಬರೇ 'ಒಬ್ಬಳು'. ನನಗ ಹೆಸರೈತಿ ಸಾಹೇಬ್ರ. ಗೌಸಬಿ. ಹನ್ನೊಂದು ವರ್ಷ ಹಾಜರಿ ಪುಸ್ತಕದಾಗ ನೀವ ನೋಡೀರಿ."

"ಸಹಿ ಮಾಡು, ಮುಗಿಸು. ಮುಂದಿನ ತಿಂಗಳು ನಿನ್ನ ಕೆಲಸ ಮುಂದುವರಸೂದು ಐತಿ, ಗೊತ್ತೈತಲ್ಲ?"

ಇಷ್ಟು ದಿನ ಅವಳನ್ನು ಹೆದರಿಸಿ ಇಟ್ಟದ್ದು ಇದೊಂದೇ ಮಾತು. ಜನವರಿಯಲ್ಲಿ ತನುಜಾ ಅವರನ್ನು ತಡೆದದ್ದೂ ಇದೇ ಭಯ. ಈಗ ಎದುರಿಗೆ ಬಂದಾಗ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಅವಳು ಸೊಂಟದಿಂದ ಲ್ಯಾಬಿನ ಕೀಲಿ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

"ಕೀಲಿ ಬೇಕಾದ್ರ ಇಟಗೋರಿ. ನನಗ ಎಲಿ ಅದಾವು. ಆದ್ರ ಆ ಅರವತ್ತಮೂರು ಒಗೀಬ್ಯಾಡ್ರಿ. ಅವು ಹಾಳಾಗಿಲ್ಲ, ತಿರುವು ಬಿದ್ದಾವು ಅಷ್ಟ. ನಿನ್ನಿ ನನಗೂ ಹಾಳಾದವು ಅನ್ನಿಸಿತ್ತು. ಇವತ್ತ ಮುಂಜಾನೆ ಎಲಿ ಆರಿಸೋ ಹೊತ್ತಿಗೆ ತಿಳೀತು."

"ಏನ್ ತಿಳೀತು?"

"ಕೊಡ್ರಿ ಪೆನ್ನು."

ಸಹಿ ಮಾಡುತ್ತಾಳೆಂದು ಕೊಟ್ಟರು. ಅವಳು ಪತ್ರವನ್ನು ಬೋರಲು ಹಾಕಿ, ಖಾಲಿ ಇದ್ದ ಹಿಂಬದಿಯಲ್ಲಿ, ನಿಂತುಕೊಂಡೇ ಬರೆದಳು.

'ನಾನು ಗೌಸಬಿ, ಸವಣೂರು. ಸುನೀಲನ ನಂಬರಿನಲ್ಲಿ ಬಂದ ಗುರುತುಗಳೆಲ್ಲ ನನ್ನವು. ಜೋಡಿ ಗ್ರಾಫಿನ ಅರವತ್ತಮೂರು ನಕ್ಷತ್ರಗಳಲ್ಲಿ ಸರಿಯುವುದು ಗಾಳಿಯದು, ನಿಲ್ಲುವುದು ನಕ್ಷತ್ರದ್ದು ಎಂದು ಹಾಕಿದ್ದೇನೆ. ಅದು ಉಲ್ಟಾ. ಆದರೆ ಎಲ್ಲ ಕಡೆ ಉಲ್ಟಾ, ಒಂದು ಕಡೆಯೂ ಬಿಡದೆ ಉಲ್ಟಾ. ಗಾಳಿ ಅಂದಲ್ಲಿ ನಕ್ಷತ್ರ ಎಂದು ಓದಿ, ನಕ್ಷತ್ರ ಅಂದಲ್ಲಿ ಗಾಳಿ ಎಂದು ಓದಿ, ಸರಿಯಾಗುತ್ತದೆ. ನಾನು ಅಂದಾಜಿನ ಮೇಲೆ ಒಂದನ್ನೂ ಹಾಕಿಲ್ಲ. ಒಗೆಯಬೇಡಿ.'

ಕೆಳಗೆ ಸಹಿ ಮಾಡಿದಳು. ತನ್ನ ಸಣ್ಣ ಫೋನಿನಲ್ಲಿ ಅದರ ಫೋಟೊ ಹೊಡೆದು, ಪ್ರಿನ್ಸಿಪಾಲರ ಎದುರಿಗೇ ತಿಳವಳ್ಳಿಗೆ ತನುಜಾ ಅವರಿಗೆ ಕಳಿಸಿದಳು. ಕೀಲಿಯನ್ನು ಮೇಜಿನ ಮೇಲೆಯೇ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದಳು. ಬೆನ್ನು ನೆಟ್ಟಗಿತ್ತು.

ತನುಜಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಆ ಫೋಟೊವನ್ನು ಡಾ. ಮಲ್ಲಿಕಾ ಅವರಿಗೆ ಕಳಿಸಿದರು. ಜೊತೆಗೆ ನಂಬರಿನ ಕತೆಯನ್ನೂ ಶಾಲಿನ ಕತೆಯನ್ನೂ ಬರೆದರು. ಸುನೀಲನಿಗೂ ಫೋನ್ ಮಾಡಿ ಎರಡು ಮಾತು ಅಂದರು. ಅವನು ಅದೇ ಸಂಜೆ, ಹೌದು, ಒಂದು ಗುರುತೂ ನನ್ನದಲ್ಲ ಎಂದು ಬರೆದು ಕಳಿಸಿದ. ಶಾಲು ವಾಪಸು ಕೊಡುತ್ತೇನೆ ಎಂದೂ ಬರೆದಿದ್ದ.

ಐದು ದಿನ ಗೌಸಬಿ ಕಾಲೇಜಿಗೆ ಹೋಗಲಿಲ್ಲ. ಎಲೆ ಆರಿಸಿದಳು. ಬೈಗುಳ ಹೆಚ್ಚಾಗಿತ್ತು, ಪೆಂಡಿ ಎಂದಿಗಿಂತ ಚೊಕ್ಕಟವಾಗಿತ್ತು. ಕಾಲೇಜಿನಲ್ಲಿ ಲ್ಯಾಬಿನ ಕೀಲಿ ಮುಟ್ಟುವವರಿಲ್ಲದೆ ಎರಡು ಪ್ರಾಯೋಗಿಕ ತರಗತಿ ನಿಂತುಹೋದವು ಎಂದು ಸುದ್ದಿ ಬಂತು. ಅವಳು ಕೇಳಿಸಿಕೊಂಡು ಖುಷಿಪಟ್ಟಳು. ಯಾಕೆ ಪಡಬಾರದು?

ಆರನೆಯ ದಿನ ಬೆಳಿಗ್ಗೆ ಎಲೆಯ ರಾಶಿಯ ನಡುವೆ ಕುಳಿತಿದ್ದಾಗ ಫೋನ್ ಬಂತು. ಗುರುತಿಲ್ಲದ ಹೆಣ್ಣು ದನಿ. "ಗೌಸಬಿಯವರೇ, ನಾನು ಮಲ್ಲಿಕಾ. ನಿಮ್ಮ ಅರವತ್ತಮೂರನ್ನೂ ತಿರುಗಿಸಿ ನೋಡಿದೆ."

ಗೌಸಬಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ಇದೇ ಗ್ರಾಫುಗಳನ್ನು ಬೇರೆ ಕಡೆ ಇನ್ನೂ ಇಬ್ಬರಿಗೆ ಕೊಟ್ಟಿದ್ದೆವು," ಎಂದರು ಮಲ್ಲಿಕಾ. "ಅವರದು ಕೆಲವು ಸರಿ, ಕೆಲವು ತಪ್ಪು, ಯಾವುದು ಯಾವುದು ಎಂದು ನಮಗೇ ಗೊತ್ತಾಗುತ್ತಿಲ್ಲ. ಅದನ್ನು ಏನೂ ಮಾಡಲಿಕ್ಕೆ ಬರುವುದಿಲ್ಲ. ನಿಮ್ಮದು ಹಾಗಲ್ಲ. ನಾವು ಇಲ್ಲಿ ಕುಳಿತು ಒಂದೊಂದನ್ನೇ ಪರೀಕ್ಷೆ ಮಾಡಿದೆವು. ತಿರುಗಿಸಿದರೆ ಐವತ್ತೊಂಬತ್ತು ಸರಿಯಾಗಿ ಕೂತವು. ನಾಲ್ಕು ಮಾತ್ರ ತಪ್ಪು."

ಐವತ್ತೊಂಬತ್ತು. ಗೌಸಬಿಯ ಕಣ್ಣು ತುಂಬಿತು. ಅಪ್ಪ ಹೋದಾಗಲೂ ಎಲ್ಲರೆದುರು ಅಳದವಳು, ಗಂಡನ ಮುಂದೆಯೇ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಯಾವ ನಾಕು?"

ಮಲ್ಲಿಕಾ ನಂಬರುಗಳನ್ನು ಹೇಳಿದರು. ಗೌಸಬಿಗೆ ಎಲ್ಲವೂ ಕಣ್ಣ ಮುಂದೆ ಇದ್ದವು.

"ಎರಡು ನಂದ ತಪ್ಪು, ಖರೆ. ಆವತ್ತು ನನಗ ಜ್ವರ ಇತ್ತು. ಇನ್ನೆರಡು ನೀವು ಮತ್ತೊಮ್ಮೆ ನೋಡ್ರಿ ಮೇಡಂ. ನಲವತ್ತೊಂದನೇದರಾಗ ಒಂದ ಕೊಂಬು ಕಾಣತೈತಿ, ಇನ್ನೊಂದನ್ನ ನಮ್ಮ ಗಾಳಿ ತಿಂದೈತಿ. ಇನ್ನೊಂದು ಗ್ರಾಫಿನಾಗ ಆ ಕೊಂಬು ಗಾಳಿಯಿಂದ ಹೊರಗ ಬಂದೈತಿ, ಅಲ್ಲಿ ನೋಡ್ರಿ. ಐವತ್ತೆರಡನೇದೂ ಹಂಗ."

ಶೇಖಸಾಬ ಪೆಂಡಿ ಹಿಡಿದುಕೊಂಡು ಗಾಬರಿಯಿಂದ ನೋಡುತ್ತಿದ್ದ. ಆ ಕಡೆ ಮಲ್ಲಿಕಾ ನಕ್ಕರು. "ನೋಡುತ್ತೇನೆ," ಎಂದರು. ಮರುದಿನ ಸಂದೇಶ ಬಂತು, ನಲವತ್ತೊಂದು ನಿಮ್ಮದು ಸರಿ, ಐವತ್ತೆರಡರ ಬಗ್ಗೆ ನಮ್ಮಲ್ಲೇ ಜಗಳ ನಡೆದಿದೆ ಎಂದು. ಐವತ್ತೆರಡರ ಬಗ್ಗೆ ಗೌಸಬಿಗೆ ಯಾವ ಜಗಳವೂ ಇಲ್ಲ.

ಸಂಸ್ಥೆಯಿಂದ ಕಾಲೇಜಿಗೆ ಒಂದು ನಮೂನೆ ಬಂತು. ಈ ಅರವತ್ತಮೂರು ನಕ್ಷತ್ರಗಳ ಲೇಖನದಲ್ಲಿ ಹೆಸರು ಹಾಕಬೇಕಾದವರ ವಿವರ ಬೇಕು, ಗೌಸಬಿಯವರೇ ತುಂಬಿ ಕಳಿಸಲಿ ಎಂದು. ಮಹಾಲಿಂಗಪ್ಪನವರು ಹೇಳಿ ಕಳಿಸಿದರು. ಅವಳು ಹೋದಳು. ಕೀಲಿ ಇಟ್ಟಲ್ಲೇ ಇತ್ತು, ಅದರ ಮೇಲೆ ತೆಳುವಾಗಿ ಧೂಳು ಕೂತಿತ್ತು. ಪ್ರಿನ್ಸಿಪಾಲರು ಕುರ್ಚಿ ತೋರಿಸಿ ಕುಂತ್ಕೋರಿ ಎಂದರು. ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ 'ರಿ' ಬಂದದ್ದು ಅದೇ ಮೊದಲು. ಅವಳು ಕುಳಿತಳು.

ಹೆಸರಿನ ಮುಂದೆ ಹೆಸರು ಬರೆದಳು. ಊರಿನ ಮುಂದೆ ಸವಣೂರು ಎಂದು ಬರೆದಳು. ವಿದ್ಯಾರ್ಹತೆ ಎಂಬಲ್ಲಿ ಪೆನ್ನು ನಿಂತಿತು.

"ಅದನ್ನ ಖಾಲಿ ಬಿಡ್ರಿ," ಎಂದರು ಮಹಾಲಿಂಗಪ್ಪ, ಮೆತ್ತಗೆ. "ಎಲ್ಲಾರೂ ಡಾಕ್ಟರೇಟ್ ಆದವರು ಅದಾರ. ನಡುವ ಚೆಂದ ಕಾಣಂಗಿಲ್ಲ."

ಗೌಸಬಿ ಅವರ ಮುಖ ನೋಡಿದಳು. ಆಮೇಲೆ ಬಗ್ಗಿ, ಅಕ್ಷರ ದಪ್ಪಗೆ ಮಾಡಿ ಬರೆದಳು: 'ಪಿಯುಸಿ ವಿಜ್ಞಾನ, ಪ್ರಥಮ ದರ್ಜೆ. ಎಲೆ ಆರಿಸುವ ಕೆಲಸ, ಮೂವತ್ತೊಂದು ವರ್ಷ.'

ಪ್ರಿನ್ಸಿಪಾಲರು ಅದನ್ನು ಓದಿದರು. ಕೀಲಿಯನ್ನು ತಾವೇ ಎತ್ತಿ, ಧೂಳು ಒರೆಸಿ ಅವಳ ಕಡೆ ಸರಿಸಿದರು. ಏನಾದರೂ ಒಳ್ಳೆಯ ಮಾತು ಆಡಬೇಕೆನಿಸಿತೇನೋ. "ಈ ಆಗಸ್ಟ್ ಹದಿನೈದಕ್ಕ ನಿಮಗ ಶಾಲು ಹೊದಸ್ತೇವ್ರಿ ಗೌಸಬಿ. ಮೈಕಿನ್ಯಾಗ ನಿಮ್ಮ ಹೆಸರು ನಾನ ಓದ್ತೇನಿ."

ಗೌಸಬಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಓದ್ರಿ ಸಾಹೇಬ್ರ, ಬರ್ತೇನಿ," ಎಂದಳು. "ಆದ್ರ ಆವತ್ತು ತಟ್ಟಿ ಯಾರು ಹಿಡೀತಾರ, ಅದನ್ನ ಈಗ ಹೇಳಿಬಿಡ್ರಿ."